ನಿಶ್ಚಿತಾರ್ಥಕ್ಕೆ ಮೊದಲು ಬೆನ್ನು ರಿಪೇರಿ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು ನಾನು. ನನ್ನದೇ ಬೆನ್ನಿನ ಸಮಸ್ಯೆಯೊಂದನ್ನು ಬಿಡಿಸಲಾರೆನೇ? ಹಾಗೆಂದುಕೊಂಡೇ ಆ ಶನಿವಾರ ಶಿವಮೊಗ್ಗದಲ್ಲಿ ಭದ್ರಾವತಿ ಬಸ್ ಹತ್ತಿದೆ.

ಮಾರನೆಯ ದಿನ ಮಗಳು ಸುಮಾಳ ನಿಶ್ಚಿತಾರ್ಥ. ಎರಡು ವಾರ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನೆಂಟರನ್ನೆಲ್ಲ ಕರೆದಿದ್ದೆ. ಅದರ ಫಲವಾಗಿ ಹೆಗಲಿನಿಂದ ಸೊಂಟದವರೆಗೆ ಎಲ್ಲ ಬಿಗಿದುಕೊಂಡಿತ್ತು. ನಮ್ಮಲ್ಲಿ ಹೆಣ್ಣಿನ ತಂದೆ, ಗಂಡಿನ ತಂದೆ ಎದುರುಬದುರು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತಾಂಬೂಲ ಬದಲಾಯಿಸಿಕೊಳ್ಳಬೇಕು. ಪುರೋಹಿತರು ಲಗ್ನಪತ್ರಿಕೆ ಓದಿ ಮುಗಿಸುವವರೆಗೆ ಏಳುವಂತಿಲ್ಲ. ನನಗೋ ಚಪ್ಪಲಿ ಹಾಕಿಕೊಳ್ಳಲೂ ಬಗ್ಗಲಾಗುತ್ತಿರಲಿಲ್ಲ.

"ಕುರ್ಚಿ ಹಾಕ್ಸೋಣ ಕಣ್ರೀ, ಏನಾಗುತ್ತೆ?" ಎಂದಳು ಹೆಂಡತಿ ಶಾರದೆ.

"ನಮ್ಮ ವಂಶದಲ್ಲಿ ಯಾರಾದ್ರೂ ಕುರ್ಚಿ ಮೇಲೆ ಕೂತು ತಾಂಬೂಲ ಕೊಟ್ಟಿದ್ದಾರೇನೇ?" ಎಂದೆ. ಬೀಗರ ಎದುರು ಮೊದಲ ದಿನವೇ ಮುದುಕನಾಗಲು ನಾನು ಸಿದ್ಧನಿರಲಿಲ್ಲ.

ಮಾಂಸಖಂಡಗಳ ಆಳದ ಬಿಗಿತವನ್ನು ಸಡಿಲಿಸುತ್ತದಂತೆ ಡೀಪ್ ಟಿಶ್ಯೂ ಮಸಾಜ್. ಮೊಬೈಲಿನಲ್ಲಿ ನೋಡಿದ್ದೆ. ಶಿವಮೊಗ್ಗದಲ್ಲೂ ಮಾಡುತ್ತಾರೆ. ಆದರೆ ಇಲ್ಲಿ ಯಾವ ಬೀದಿಗೆ ಹೋದರೂ ಒಬ್ಬ ಹಳೇ ವಿದ್ಯಾರ್ಥಿ ನಮಸ್ಕಾರ ಎನ್ನುತ್ತಾನೆ. ಮೇಷ್ಟ್ರು ಟವೆಲ್ ಸುತ್ತಿಕೊಂಡು ಮಲಗಿದ್ದನ್ನು ಅಂಥವರು ನೋಡಬಾರದು. ಆದ್ದರಿಂದ ಭದ್ರಾವತಿ! ಅಲ್ಲಿರುವ ದೊಡ್ಡಮ್ಮನನ್ನು ಖುದ್ದಾಗಿ ಕರೆದು ಬರುತ್ತೇನೆಂದು ಮನೆಯಲ್ಲಿ ಸುಳ್ಳು ಹೇಳಿದೆ.

ಅಲ್ಲಿ ನ್ಯೂ ಟೌನಿನ ಒಂದು ಮಸಾಜ್ ಸೆಂಟರಿನ ಕೋಣೆಯಲ್ಲಿ ಬೋರಲು ಮಲಗಿದೆ. ಮುಖ ಇಡಲು ಮಂಚದಲ್ಲೊಂದು ತೂತು. ಅದರೊಳಗಿಂದ ನೆಲ ಬಿಟ್ಟು ಬೇರೇನೂ ಕಾಣದು. ಬಾಗಿಲು ತೆರೆಯಿತು. ಯಾರೋ ಬಂದರು. ಬಂದವರು ಮೊದಲು ನನ್ನ ಎರಡೂ ಅಂಗಾಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಸಾರ್, ನಾನು ಮಂಜುನಾಥ. ಕೊನೇ ಬೆಂಚು."

ನೆನಪಾಯಿತು. ಬೀಜಗಣಿತದ ಹೆಸರಿನಲ್ಲಿ ಅವನ ಅಂಗೈಗೆ ನಾನು ಕೊಟ್ಟ ಏಟುಗಳೂ ನೆನಪಾದವು. ಅತ್ತವನನ್ನು, ಇಷ್ಟಕ್ಕೆಲ್ಲ ಅಳ್ತಾರೇನೋ ಎಂದು ಗದರಿಸಿದ್ದೂ ನೆನಪಾಯಿತು.

ಮಂಜನಿಗೆ ದ್ವೇಷವಿರಲಿಲ್ಲ. ಇದ್ದಿದ್ದರೆ ಬೇಗ ಮುಗಿಸುತ್ತಿದ್ದನೋ ಏನೋ! ಅವನಿಗಿದ್ದದ್ದು ಭಕ್ತಿ. ಎಣ್ಣೆ ಹಚ್ಚಿ, ರೆಕ್ಕೆಮೂಳೆಯ ಕೆಳಗೆ ಮೊಣಕೈ ಊರಿ ನಿಧಾನವಾಗಿ ಸೊಂಟದ ಕಡೆ ಹೊರಟ. ನೋವಾದರೆ ಹೇಳಬೇಕು, ಕಮ್ಮಿ ಮಾಡುತ್ತೇನೆ ಎಂದು ಮೂರು ಸಲ ಎಚ್ಚರಿಸಿದ. ಪಾಪ, ಅವನ ತಪ್ಪಿಲ್ಲ. ನೋವೇನಿಲ್ಲ ಮಾಡಪ್ಪ ಎಂದು ಮೂರು ಸಲವೂ ಹೇಳಿದವನು ನಾನು. ಮೂರನೆಯ ಸಲ ಕಣ್ಣೀರು ತೂತಿನಿಂದ ನೆಲಕ್ಕೆ ಬೀಳುತ್ತಿತ್ತು.

"ಎಂಥಾ ಬಾಡಿ ಸಾರ್ ನಿಮ್ದು! ಲಾರಿ ಲೋಡಿಂಗ್ ಮಾಡೋರೇ ಇಷ್ಟೊತ್ತಿಗೆ ಕೂಗ್ಕೊಳ್ತಾರೆ" ಎಂದ. ಈ ಹೊಗಳಿಕೆ ಕೇಳಿ ನಾನು ಇನ್ನಷ್ಟು ಸುಮ್ಮನಾದೆ, ಅವನು ಇನ್ನಷ್ಟು ಒತ್ತಿದ. ಕೊನೆಗೆ ಗುರುದಕ್ಷಿಣೆಯೆಂದು ಅರ್ಧ ಗಂಟೆ ಹೆಚ್ಚಿಗೆ ಮಾಡಿದ.

ಹೊರಡುವಾಗ ನೀರು ಕೊಟ್ಟು, ಎರಡು ದಿನ ಮೈ ನೋಯುತ್ತದೆ, ನೆಲದ ಮೇಲೆ ಮಾತ್ರ ಕೂರಬೇಡಿ ಎಂದ. ಇದನ್ನು ಮೊದಲೇ ಹೇಳಬಾರದಿತ್ತೇ ಎಂದೆ.

"ನೋವೇ ಇಲ್ಲ ಅಂದ್ರಲ್ಲ ಸಾರ್."

ರಾತ್ರಿಯಿಡೀ ಮಗ್ಗುಲು ಬದಲಾಯಿಸಲೂ ಆಗದೆ, ಸುಮ್ಮನಿರಲೂ ಆಗದೆ ಚಡಪಡಿಸಿದೆ. ಭಾನುವಾರ ಬೀಗರು ಒಳಗೆ ಬರುವ ಮೊದಲೇ ಭಾವಮೈದ ನನ್ನನ್ನು ಮೆಲ್ಲಗೆ ಮಣೆಯ ಮೇಲೆ ಇಳಿಸಿದ. ಕೂತೆ. ಗೆದ್ದೆ ಎಂದುಕೊಂಡೆ. ಅಷ್ಟರಲ್ಲಿ ಬೀಗರು ಬಂದು ಎದುರಿನ ಮಣೆಯನ್ನು ನೋಡುತ್ತ ನಿಂತರು. ಆಮೇಲೆ ಬಗ್ಗಿ ಸಂಕೋಚದಿಂದ ಹೇಳಿದರು:

"ತಪ್ಪು ತಿಳ್ಕೋಬೇಡಿ ಮೇಷ್ಟ್ರೇ, ನಂಗೆ ಮಂಡಿನೋವು. ಇಬ್ರೂ ಕುರ್ಚಿ ಮೇಲೆ ಕೂತೇ ಮಾಡೋಣ್ವಾ?"

ಎರಡು ಕುರ್ಚಿ ಬಂದವು. ಒಂದರಲ್ಲಿ ಬೀಗರು ಕೂತರು. ಇನ್ನೊಂದು ಖಾಲಿ ಉಳಿಯಿತು. ನನಗೆ ಏಳಲಾಗಲಿಲ್ಲ! ಲಗ್ನಪತ್ರಿಕೆ ಮುಗಿಯುವವರೆಗೆ ಅವರ ಮಂಡಿಯನ್ನೇ ನೋಡುತ್ತಾ ಕೂತೆ, ತಾಂಬೂಲದ ತಟ್ಟೆಯನ್ನು ಮೇಲಕ್ಕೆತ್ತಿ ಕೊಟ್ಟೆ. ಹೆಣ್ಣಿನ ತಂದೆಗೆ ಎಷ್ಟು ವಿನಯ ಎಂದು ಗಂಡಿನ ಕಡೆಯವರು ಮಾತಾಡಿಕೊಂಡರು. ಶಾರದೆ ಮಾತ್ರ ಒಮ್ಮೆ ಖಾಲಿ ಕುರ್ಚಿ, ಒಮ್ಮೆ ನನ್ನ ಮುಖ ನೋಡುತ್ತಿದ್ದಳು.

ಎಲ್ಲರೂ ಊಟಕ್ಕೆ ಎದ್ದರು. ನಾನು ದೂರದಲ್ಲಿದ್ದ ಭಾವಮೈದನಿಗೆ ಕಾಣಲೆಂದು ಬಲಗೈ ಎತ್ತಿದೆ; ಬೆನ್ನು ಚುಳ್ಳೆಂದು ಕಣ್ಣಲ್ಲಿ ನೀರು ಬಂತು. ಅದೇ ಹೊತ್ತಿಗೆ ಮಗಳೂ ಅಳಿಯನಾಗುವವನೂ ಬಂದು ನನ್ನ ಕಾಲಿಗೆ ಬಗ್ಗಿದರು. ಫೋಟೊದವನು ಕ್ಲಿಕ್ ಎನಿಸಿದ.

ಆ ಫೋಟೊ ಈಗ ಮಗಳ ಮನೆಯ ಹಜಾರದಲ್ಲಿ ದೊಡ್ಡ ಫ್ರೇಮಿನಲ್ಲಿದೆ. ಅಪ್ಪ ಕಣ್ಣಲ್ಲಿ ನೀರು ತುಂಬಿಕೊಂಡು ಹರಸಿದ್ದು ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾಳೆ. ನಾನೂ ಗಂಭೀರವಾಗಿ ತಲೆಯಾಡಿಸುತ್ತೇನೆ. ಹರಸುತ್ತಿರಲಿಲ್ಲಮ್ಮ, ಯಾರಾದರೂ ಎಬ್ಬಿಸಲಿ ಅಂತ ಕೈ ಎತ್ತಿದ್ದೆ ಎಂದು ಈಗ ಯಾವ ಬಾಯಲ್ಲಿ ಹೇಳಲಿ?