ಉರಿಯದ ಸೋಪು

ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಒಂದು ಊರಲ್ಲಿ ನಿಲ್ಲುವ ಕಾಲೂ ಅಲ್ಲ ನನ್ನದು. ಆದರೆ ಎಲ್ಲಿಗೆ ಹೋದರೂ, ನಗಬಾರದ ಜಾಗದಲ್ಲಿ ನಗು ಬರಿಸುವ ಪ್ರಸಂಗಗಳು ನನಗಿಂತ ಮೊದಲೇ ಬಂದು ಕೂತಿರುತ್ತವೆ. ಸದ್ಯ ದಾವಣಗೆರೆಯಲ್ಲಿ ಲಾರಿ ಕ್ಲೀನರ್. ನಮ್ಮ ಡ್ರೈವರಣ್ಣನಿಗೆ ಸಕ್ಕರೆ ಕಾಯಿಲೆ. ಎಡಗಾಲ ಹೆಬ್ಬೆರಳಿಗೆ ಮೊಳೆ ಚುಚ್ಚಿ ಕೀವಾಯಿತು. ಎಡಗಾಲೆಂದರೆ ಕ್ಲಚ್ಚಿನ ಕಾಲು. ಅದು ಹೋದರೆ ಸ್ಟೇರಿಂಗೂ ಹೋದಂತೆ. ಅವನ ನಂಬಿಕೆ ಮಾತ್ರ ಡಾಕ್ಟರ ಮೇಲಲ್ಲ, ಸೋಪಿನ ಮೇಲೆ.

೧. ಅಸಲಿ ಮಾಲು

ಕ್ರಿಮಿ ಕೊಲ್ಲುತ್ತದೆಂದು ಬರೆದ ಸೋಪುಗಳನ್ನೆಲ್ಲ ತಂದು ತಿಕ್ಕಿದ. ಉರಿದರೆ ಕ್ರಿಮಿ ಸಾಯುತ್ತಿವೆ ಎಂದು ಅವನ ಲೆಕ್ಕ. ಸಕ್ಕರೆಗೆ ಬೆರಳಿನ ನರವೇ ಸತ್ತಿತ್ತು, ಯಾವುದೂ ಉರಿಯಲಿಲ್ಲ. ಎಲ್ಲಾ ಡೂಪ್ಲಿಕೇಟು ಎಂದು ಮಂಡಿಪೇಟೆಯ ಅಂಗಡಿ ಸಾಹೇಬರ ಹತ್ತಿರ ಜಗಳಕ್ಕೆ ನಿಂತ. ಸಾಹೇಬರ ಕೈಯನ್ನು ಅವತ್ತೇ ಡಬ್ಬದ ತಗಡು ಕುಯ್ದಿತ್ತು. ಮಾಲಿನ ಮರ್ಯಾದೆ ಉಳಿಸಲು ಒಂದು ಸೋಪು ಬಿಚ್ಚಿ ಆ ಗಾಯಕ್ಕೇ ಉಜ್ಜಿಕೊಂಡರು. ಕಣ್ಣಲ್ಲಿ ನೀರು ಬಂತು.

“ಅಸಲಿ ಐತೆ, ನೋಡ್ರಿ,” ಎಂದರು ಕೈ ಒದರುತ್ತ.

ಡ್ರೈವರಣ್ಣ ಆ ಸೋಪಿಗೇ ಕೈ ಚಾಚಿದ. “ಹೊಸದು ಬ್ಯಾಡ್ರಿ. ಕೆಲಸ ಮಾಡಿದ್ದೇ ಕೊಡ್ರಿ.”

೨. ನೊಣ

ಹರಿಹರದಲ್ಲಿ ಲೋಡು ಇಳಿಸಿ ಹೊಳೆಗೆ ಹೋದೆವು. ಬೆರಳನ್ನು ನೊರೆ ಬರುವಂತೆ ತೊಳೆದ. ಆಮೇಲೆ ಲಾರಿಯ ಗ್ರೀಸು ಒರೆಸುವ ಬಟ್ಟೆಯಲ್ಲೇ ಒರೆಸಿಕೊಂಡ. ಕೇಳಿದರೆ, ಸೋಪು ಬಿದ್ದ ಮೇಲೆ ಯಾವ ಕ್ರಿಮಿಯೂ ಹತ್ತಿರ ಸುಳಿಯೋದಿಲ್ಲವಂತೆ. ಅಷ್ಟರಲ್ಲಿ ಸೋಪಿನ ಮೇಲೊಂದು ನೊಣ ಕೂತಿತು. ಸಾಯಲಿಕ್ಕೇ ಬಂದಿದೆ ಎಂದು ತೋರಿಸಿದ. ನೊಣ ಊಟಕ್ಕೆ ಹೊರಟವರಂತೆ ಮುಂಗಾಲು ತಿಕ್ಕಿಕೊಂಡು, ಹಾರಿ ನೇರ ಅವನ ಗಾಯದ ಮೇಲೇ ಕೂತಿತು.

೩. ಸೋಪಿಗೂ ಮಾತ್ರೆ

ಬೆರಳು ಕಪ್ಪಾಗಿ ನಾತ ಹೊಡೆದಾಗ ಅವನ ಹೆಂಡತಿ ಅಳುತ್ತಲೇ ಅವನನ್ನು ದಾವಣಗೆರೆಯ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಕೀವು ತೆಗೆದು ಲ್ಯಾಬಿಗೆ ಕಳಿಸಿದರು. ಜೊತೆಗೆ ತನ್ನ ಸೋಪನ್ನೂ ಪರೀಕ್ಷೆ ಮಾಡಿಸಬೇಕೆಂದು ಇವನ ಹಠ. ಪಾಪ, ಮಾಡಿಸಿದರು. ಲ್ಯಾಬಿನ ಬಟ್ಟಲಲ್ಲಿ ಅವನ ಕೀವಿನ ಕ್ರಿಮಿ ಬೆಳೆಸಿದ್ದರು. ಔಷಧ ಇಟ್ಟ ಕಡೆ ಸುತ್ತ ಕ್ರಿಮಿ ಸತ್ತು ಬಯಲಾಗಿತ್ತು. ಸೋಪಿನ ನೀರು ಬಿಟ್ಟ ಕಡೆ ಅಂಚಿನ ತನಕ ಹುಲುಸಾಗಿ ಬೆಳೆದಿತ್ತು. ಮೇಲಿನ ಕೊಳೆಗೆ ಸೋಪು ಸರಿ, ಒಳಗಿನ ಕೀವಿಗಲ್ಲ ಎಂದು ಡಾಕ್ಟರಮ್ಮ ತಿಳಿಸಿ ಹೇಳಿದರು. ಕಡೆಗೆ, “ನಿಮ್ಮ ಗಾಯದಲ್ಲಿರೋ ಕ್ರಿಮಿನೇ ಈ ಸೋಪಿನ ಮೇಲೂ ಇದೆ,” ಎಂದರು.

ಇವನು ಸೋಪನ್ನು ಮರುಕದಿಂದ ನೋಡಿದ. “ಹಂಗಾರೆ ಇದಕ್ಕೂ ಎರಡು ಮಾತ್ರೆ ಬರೀರಿ, ಡಾಕ್ಟ್ರೇ.”

೪. ಹದಡಿಯ ಮಣ್ಣು

ಮಾತ್ರೆಯ ಕಾಲ ಮೀರಿತ್ತು. ಪಾದ ಉಳಿಯಬೇಕಾದರೆ ಬೆರಳು ಹೋಗಬೇಕು ಎಂದರು. ಕ್ಲಚ್ ಒತ್ತಬಹುದಾ ಎಂದಷ್ಟೇ ಕೇಳಿದ. ಪಾದ ಉಳಿದರೆ ಒತ್ತಬಹುದು ಎಂದರು. ಒಪ್ಪಿದ.

ಆದರೆ ಬೆರಳನ್ನು ಕಸಕ್ಕೆ ಹಾಕುವಂತಿಲ್ಲ, ತಮ್ಮೂರು ಹದಡಿಯ ಹೊಲದಲ್ಲೇ ಮಣ್ಣು ಮಾಡಬೇಕೆಂದ. ಆಸ್ಪತ್ರೆಯವರನ್ನು ಕಾಡಿ ಬೇಡಿ ಇಸಿದುಕೊಂಡು, ನಾನೂ ಅವನ ತಮ್ಮನೂ ಡಬ್ಬಿಯಲ್ಲಿ ಹದಡಿಗೆ ಒಯ್ದೆವು. ಗುಂಡಿ ತೋಡಿದ ಮೇಲೆ ಅವರ ದೊಡ್ಡಮ್ಮ ತಡೆದಳು: ಮೈ ತೊಳೆಯದೆ ಯಾರನ್ನಾದರೂ ಹೂಳುತ್ತಾರೇನು? ಆಪರೇಷನ್ನಿಗೆ ಹೋಗುವಾಗ ಅವನು ಕೊಟ್ಟಿದ್ದ ಅದೇ ಸೋಪು ನನ್ನ ಜೇಬಲ್ಲಿತ್ತು. ಚೆನ್ನಾಗಿ ತಿಕ್ಕಿ ತೊಳೆದು, ವಿಭೂತಿ ಹಚ್ಚಿ ಹೂತೆವು. ಹೆಣ ತೊಳೆದ ಸೋಪು ಮನೆಗೆ ತರಬಾರದೆಂದು ಅದನ್ನೂ ಗುಂಡಿಗೆ ಹಾಕಿದೆವು.

ಸಂಜೆ ಆಸ್ಪತ್ರೆಗೆ ಬಂದರೆ, ಡ್ರೈವರಣ್ಣನ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಇಲ್ಲದ ಹೆಬ್ಬೆರಳು ಕೆಂಡ ತುಳಿದಂತೆ ಉರಿಯುತ್ತಿತ್ತಂತೆ. ಬೆರಳು ತೆಗೆದವರಿಗೆ ಹಾಗಾಗುವುದುಂಟು ಎಂದು ನರ್ಸಮ್ಮ ಹೇಳಿದರೂ ಅವನು ಒಪ್ಪಿರಲಿಲ್ಲ. ನನ್ನ ಕೈ ಹಿಡಿದುಕೊಂಡ.

“ಹೂಳೋ ಮುಂಚೆ ತೊಳೆದ್ರೇನೋ?”

“ತೊಳೆದ್ವಿ, ಅಣ್ಣ.”

“ಯಾವ ಸೋಪು?”

“ಸಾಹೇಬ್ರ ಅಂಗಡೀದೇ.”

ನೆಮ್ಮದಿಯಿಂದ ದಿಂಬಿಗೆ ಒರಗಿದ.

“ಅದಕ್ಕೇ. ಈಗ ಸೋಪು ಹತ್ತೈತೆ ನೋಡು. ಇನ್ನ ಬೆರಳು ಗುಣ ಆಗ್ತೈತೆ.”