ಇಪ್ಪತ್ತೊಂದರಿಂದ ಒಂದಕ್ಕೆ

ಹೆಂಡತಿಯನ್ನು ಧ್ಯಾನಕ್ಕೆ ಕಳಿಸಿದ್ದು ಗುರಪ್ಪನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಯಾರೂ ಅವನಿಗಾಗಿ ಸುಮ್ಮನೆ ಮರುಗಬಾರದು. ರಬಕವಿಯ ಅವನ ಮನೆಯಲ್ಲಿ ಆರು ಪವರ್‌ಲೂಮು ಒಟ್ಟಿಗೆ ಓಡುವಾಗ ಎದುರಿಗೆ ನಿಂತವನ ಮಾತೂ ಕೇಳಿಸುವುದಿಲ್ಲ. ಆದರೆ ಅಡುಗೆಮನೆಯಿಂದ ಶೈಲಾ ಕೂಗಿದರೆ ಆ ದನಿ ಆರೂ ಮಗ್ಗ ದಾಟಿ ಬಂದು ಅವನ ಕಿವಿಗೆ ಬಡಿಯುತ್ತಿತ್ತು. ಕೂಗಲು ಅವಳಿಗೆ ಕಾರಣಗಳ ಬರಗಾಲವೇನೂ ಇರಲಿಲ್ಲ (ಎಲ್ಲವನ್ನೂ ಗುರಪ್ಪನೇ ಒದಗಿಸುತ್ತಿದ್ದ). ಜಮಖಂಡಿಯ ಡಾಕ್ಟರು ಅವಳ ಬಿ.ಪಿ. ನೋಡಿ, ಬರೀ ಮಾತ್ರೆ ಸಾಲದು, ಮನಸ್ಸಿಗೂ ಶಾಂತಿ ಬೇಕು ಎಂದರು. ಅಲ್ಲೇ ಒಂದು ಕಲ್ಯಾಣಮಂಟಪದಲ್ಲಿ ಹತ್ತು ದಿನದ ಧ್ಯಾನ ಶಿಬಿರ ಶುರುವಾಗಲಿತ್ತು. ಬಿ.ಪಿ. ಇಳಿದರೆ ಅವಳಿಗೆ ಲಾಭ, ದನಿ ಇಳಿದರೆ ತನಗೆ ಲಾಭ ಎಂದು ಗುರಪ್ಪ ತಾನೇ ಗಾಡಿಯ ಮೇಲೆ ಕರೆದೊಯ್ದು ಹೆಸರು ಬರೆಸಿದ.

ಹನ್ನೊಂದನೆಯ ದಿನ, ಅವಳು ಶಿಬಿರ ಮುಗಿಸಿ ಮನೆಗೆ ಬಂದ ಮೇಲೆ, ಗುರಪ್ಪ ಮಗ್ಗದ ಎಣ್ಣೆ ಮೆತ್ತಿದ ಕಾಲಿನಲ್ಲಿ ಆಗಷ್ಟೇ ಒರೆಸಿದ ನೆಲ ತುಳಿದ. ತುಳಿದವನು ರೂಢಿಯಂತೆ ಹೆಗಲು ಕುಗ್ಗಿಸಿ ನಿಂತ. ಬೈಗುಳ ಬರಲಿಲ್ಲ. ತಿರುಗಿ ನೋಡಿದರೆ ಶೈಲಾ ಹಿಟ್ಟಿನ ಕೈಯಲ್ಲಿ ನಿಂತು ಅವನನ್ನೇ ದಿಟ್ಟಿಸುತ್ತಿದ್ದಾಳೆ, ರೆಪ್ಪೆ ಬಡಿಯುತ್ತಿಲ್ಲ. ತುಟಿ ಮಾತ್ರ ದನಿಯಿಲ್ಲದೆ ಅಲುಗುತ್ತಿದೆ. ಸ್ವಲ್ಪ ಹೊತ್ತಿಗೆ ತುಟಿ ನಿಂತಿತು, ಅವಳು ನಕ್ಕಳು.

“ಕಾಲ ತೊಳಕೊಂಡು ಬರ್ರಿ. ರೊಟ್ಟಿ ಬಿಸಿ ಅದಾವು.”

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಇಂಥ ಮೆತ್ತನೆಯ ದನಿಯನ್ನು ಗುರಪ್ಪ ಕೇಳಿರಲಿಲ್ಲ. ಅವನ ಮೈಮೇಲಿನ ಕೂದಲು ನಿಮಿರಿದವು.

ಮಗ್ಗದ ಮನೆಯಲ್ಲಿ ಬೆಳೆದವರಿಗೆ ಒಂದು ವಿದ್ಯೆ ಇರುತ್ತದೆ. ಸಪ್ಪಳದಲ್ಲಿ ಕಿವಿ ಕೆಲಸಕ್ಕೆ ಬಾರದ್ದರಿಂದ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಈ ವಿದ್ಯೆ ಇಲ್ಲದಿದ್ದರೆ ಗುರಪ್ಪ ಸುಖವಾಗಿರುತ್ತಿದ್ದ. ಮರುದಿನ ಗ್ಯಾಸ್ ಹೇಳಲು ಮರೆತು ಬಂದಾಗ ಅವನು ಅವಳ ತುಟಿಯನ್ನೇ ಓದಿದ. ಇಪ್ಪತ್ತೊಂದು. ಇಪ್ಪತ್ತು. ಹತ್ತೊಂಬತ್ತು. ಎಣಿಕೆ ಹಿಂದಕ್ಕೆ ನಡೆದಿತ್ತು. ಒಂದಕ್ಕೆ ಬಂದು ಮುಟ್ಟಿದೊಡನೆ ಅದೇ ನಗು.

ಅವಳನ್ನು ಮೊದಲಿನಂತೆ ಮಾಡಬೇಕೆಂದು ಅವನು ಬ್ರಹ್ಮಾಸ್ತ್ರವನ್ನೇ ತೆಗೆದ. “ನಿಮ್ಮಣ್ಣ ಪರಮೇಶನಂಥಾ ದಂಡಪಿಂಡ ಈ ಜಿಲ್ಲಾದಾಗ ಹುಟ್ಟಿಲ್ಲ ಬಿಡು,” ಎಂದ. ಹಿಂದೆ ಇದರ ಅರ್ಧ ಮಾತಿಗೆ ಎರಡು ದಿನ ಒಲೆ ಹೊತ್ತಿರಲಿಲ್ಲ. ಈಗ ಶೈಲಾ ಅವನ ಹಣೆಯ ನಡುವೆ ಕಣ್ಣು ನೆಟ್ಟಳು. ಇಪ್ಪತ್ತೊಂದು, ಇಪ್ಪತ್ತು... “ಚಾ ಮಾಡ್ಲೇನ್ರಿ?”

ಮಧ್ಯಾಹ್ನ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಂತವು. ನೇಕಾರರಿಗೆ ಸಪ್ಪಳದಲ್ಲಿ ನಿದ್ದೆ ಬರುತ್ತದೆ, ಸಪ್ಪಳ ನಿಂತರೆ ಎದೆ ಹಾರುತ್ತದೆ. ಆ ಹಾಳು ಮೌನದಲ್ಲಿ ಶೈಲಾ ನಡುಮನೆಯಲ್ಲಿ ಗೋಡೆಗೆ ಮುಖ ಮಾಡಿ ಅಲುಗಾಡದೆ ಕೂತಿದ್ದಳು. ಉಸಿರಾಡುತ್ತಿರುವ ಗುರುತೂ ಕಾಣಲಿಲ್ಲ. ಗುರಪ್ಪನ ತಾಯಿ ಸಾತವ್ವ ಬಾಗಿಲ ಮರೆಗೆ ನಿಂತು ಅವನ ಅಂಗಿ ಜಗ್ಗಿದಳು.

“ಹಿಂದಕ್ಕ ಎಣಸೂದು ಒಳ್ಳೇದಲ್ಲೋ ತಮ್ಮಾ. ಉಳದ ದಿನಾ ಹಂಗ ಎಣಸ್ತಾರ.”

“ಯಾರ ದಿನಾ ಬೇ?”

ಸಾತವ್ವ ಮಗನನ್ನು ಮೇಲಿಂದ ಕೆಳಗೆ ನೋಡಿದಳು. “ನಿನ್ನ ಮಾರಿ ನೋಡೇ ಎಣಸ್ತಾಳಲ್ಲೋ,” ಎಂದು ಕಣ್ಣಿಗೆ ಸೆರಗು ಹಚ್ಚಿದಳು.

ಅಲ್ಲಿಂದ ಗುರಪ್ಪನಿಗೆ ಸಾಯುವ ಭಯ ಒಂದು ಕಡೆ. ಇನ್ನೊಂದು ಕಡೆ, ದೆವ್ವದ ಗಾಳಿ ಸೋಂಕಿ ಇವಳೇ ಕೈತಪ್ಪಿದರೆ ಎಂಬ ದಿಗಿಲು. ಅದನ್ನು ಬಾಯಿಬಿಟ್ಟು ಹೇಳಲು ಅವನಿಗೆ ಗೊತ್ತಿರಲಿಲ್ಲ, ಆದ್ದರಿಂದ ಎಲ್ಲರ ಮೇಲೂ ಹರಿಹಾಯ್ದ. ಅಮಾವಾಸ್ಯೆಯ ದಿನ ಅವಳನ್ನು ಮನೆದೇವರು ಬೀರಪ್ಪನ ಗುಡಿಗೆ ಕರೆದುಕೊಂಡು ಹೋದ. ಯಾಕೆ ಏನು ಎಂದು ಒಂದು ಮಾತು ಕೇಳದೆ ಅವಳು ಬಂದಳು (ಅದು ಇನ್ನೂ ಹೆದರಿಕೆ ಹುಟ್ಟಿಸಿತು).

ಗುಡಿಯಲ್ಲಿ ಮಟಮಟ ಮಧ್ಯಾಹ್ನ ನರಪಿಳ್ಳೆ ಇರಲಿಲ್ಲ. ಮುಪ್ಪಿನ ಪೂಜಾರಿ ಅಮಸಿದ್ದಪ್ಪ ಗುರಪ್ಪನ ಅಹವಾಲು ಕೇಳಿ, ಕಂಬಳಿಯ ಮೇಲೆ ಅವಳನ್ನು ಕೂರಿಸಿ, ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿ, ಬಹಳ ಹೊತ್ತು ಅವಳ ಕಣ್ಣನ್ನೇ ನೋಡಿದ. ಕಟ್ಟೆಯ ಮೇಲಿನ ದೀಪ ಗಾಳಿಯಿಲ್ಲದೆಯೂ ಅಲುಗಿದಂತೆ ಗುರಪ್ಪನಿಗೆ ಕಂಡಿತು.

“ಏನ ಎಣಸ್ತಿಯವಾ?”

“ಸಿಟ್ಟು ಬಂದಾಗ ಇಪ್ಪತ್ತೊಂದರಿಂದ ಹಿಂದಕ್ಕ ಎಣಸ್ರಿ ಅಂತ ಶಿಬಿರದಾಗ ಹೇಳ್ಯಾರ್ರಿ ಅಜ್ಜಾರ. ಸಿಟ್ಟು ಬಂದದ್ದು ಮೊದ್ಲ ನಮಗ ತಿಳೀಬೇಕಂತ. ಒಂದಕ್ಕ ಬರೂದ್ರಾಗ ಅದು ಹೋಗಿರ್ತೈತಿ.”

ಗುರಪ್ಪನ ಎದೆಯ ಮೇಲಿನ ಬಂಡೆ ಇಳಿಯಿತು. ನಗಬೇಕೆಂದರೆ ಅಳು ಬಂತು. ಹಾಗೇ ಒಂದು ಸಂಶಯವೂ ಬಂತು.

“ಮತ್ತ ನಾ ನಿಮ್ಮಣ್ಣಗ ಅಂದದ್ದು?”

“ಏನಂದಿದ್ರಿ?”

“ಕೇಳಿಸಲಿಲ್ಲೇನು?”

“ಎಣಸಾಕ ಹತ್ತಿದ ಮ್ಯಾಲ ನಿಮ್ಮ ಮಾತು ಮಗ್ಗದ ಸಪ್ಪಳ ಇದ್ದಂಗರಿ,” ಎಂದಳು ಶೈಲಾ, ಮನಸ್ಸಿನಲ್ಲಿ ಎಳ್ಳಷ್ಟೂ ಕಹಿ ಇಲ್ಲದೆ. “ಬರ್ತೈತಿ, ಹೋಗ್ತೈತಿ.”

ಸಾವಿನ ಭಯಕ್ಕಿಂತ ಈ ಮಾತು ಗುರಪ್ಪನಿಗೆ ಹೆಚ್ಚು ನಾಟಿತು. ಮುಖ ಕೆಂಪಾಗಿ, ನಾನು ಇಷ್ಟು ವರ್ಷ ಯಾರಿಗಾಗಿ ಬಾಯಿ ಹರಕೊಂಡೆ, ನಾನೇನು ನಾಯಿಯೇ, ನರಿಯೇ ಎಂದು ಗುಡಿ ಹಾರಿಹೋಗುವಂತೆ ಒದರತೊಡಗಿದ. ಶೈಲಾ ಕಣ್ಣು ಮುಚ್ಚಿದಳು. ಅಮಸಿದ್ದಪ್ಪ ತಲೆದೂಗಿ ಭಂಡಾರದ ಬಟ್ಟಲನ್ನು ಹತ್ತಿರ ಸರಿಸಿಕೊಂಡ.

“ಗಾಳಿ ಐತಿ. ಆದ್ರ ಆಕೀಗಲ್ಲ,” ಎಂದವನೇ ಗುರಪ್ಪನ ಹಣೆ ತುಂಬ ಭಂಡಾರ ಬಳಿದ. “ಹನ್ನೊಂದು ದಿನಾ ಬಾಯಿ ಬಿಡಬ್ಯಾಡ. ಬಿಟ್ಟರ ದೇವರು ಮುನೀತಾನ.”

ದೇವರಿಗೆ ಹೆದರುವವನು ಗುರಪ್ಪ. ಹನ್ನೊಂದು ದಿನ ಸನ್ನೆಯಲ್ಲಿ ಚಹಾ ಕೇಳಿದ, ಸನ್ನೆಯಲ್ಲಿ ಸಿಟ್ಟು ಮಾಡಿದ. ಹನ್ನೆರಡನೆಯ ದಿನ ಬೆಳಿಗ್ಗೆ ಹೇಳಬೇಕಾದ್ದನ್ನೆಲ್ಲ ನಾಲಿಗೆಯ ತುದಿಯಲ್ಲಿ ಜೋಡಿಸಿಕೊಂಡು, ವ್ರತ ಇಳಿಸಲು ಗುಡಿಯಲ್ಲಿ ನಿಂತ. ಅವನು ಬಾಯಿ ತೆರೆಯುವಷ್ಟರಲ್ಲಿ ಶೈಲಾ ಕಾಯಿ ಮುಂದಿಟ್ಟು ಪೂಜಾರಿಯ ಕಾಲಿಗೆ ಬಿದ್ದಳು.

“ಅಜ್ಜಾರ, ಹನ್ನೊಂದು ದಿನದಾಗ ಒಮ್ಮಿನೂ ಎಣಸೂ ಪಾಳಿ ಬಂದಿಲ್ರಿ. ಡಾಕ್ಟರು ಮಾತ್ರಿ ಅರ್ಧಾ ಮಾಡ್ಯಾರ. ಇನ್ನಷ್ಟು ದಿನಾ ನಡಸ್ರಿ, ನಿಮಗ ಪುಣ್ಯಾ ಬರ್ತೈತಿ.”

ಅಮಸಿದ್ದಪ್ಪ ದೇವರ ಕಡೆ ಒಮ್ಮೆ ನೋಡಿ, ಒಂದು ಚಿಟಿಕೆ ಭಂಡಾರ ತೆಗೆದುಕೊಂಡ.

“ದೀಪಾವಳಿ ಮಟ ಇರಲಿ,” ಎಂದ.

ಯುಗಾದಿ ಮುಗಿದು ಆಗಿನ್ನೂ ಹತ್ತು ದಿನವಾಗಿತ್ತು.