ಊಟ ಕೇಳದವನ ಜೊತೆ ನೌಕರಿ

ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನಿಗೆ ಆಗಾಗ ಹೊಸ ಹೆದರಿಕೆಯೊಂದು ಬರುತ್ತಲೇ ಇರುತ್ತದೆ. ಕಂಪ್ಯೂಟರ್ ಬಂದಾಗ ಹೆದರಿದ್ದೆ. ಫೋನಿನಲ್ಲಿ ರೊಕ್ಕ ಕಳಿಸುವುದು ಬಂದಾಗಲೂ ಹೆದರಿದ್ದೆ. ಈ ಸಲದ್ದು ಸ್ವಲ್ಪ ದೊಡ್ಡದು.

೧. ಹೊಸಬ

ಸಿಂಧನೂರಿನ ನಮ್ಮ ಮಿಲ್ಲಿನ ಸಾವ್ಕಾರರು ಒಂದು ಸಾಫ್ಟ್‌ವೇರ್ ತಂದರು. ಅದು ತಾನೇ ಲಾರಿ ಗೊತ್ತು ಮಾಡುತ್ತದೆ, ಬೇರೆಯವರ ಸಾಫ್ಟ್‌ವೇರಿನ ಜೊತೆ ತಾನೇ ಮಾತಾಡುತ್ತದೆ, ರೊಕ್ಕವನ್ನೂ ತಾನೇ ಕಟ್ಟುತ್ತದೆ. ಕಟ್ಟಿದ್ದು ಬ್ಲಾಕ್‌ಚೈನಿನಲ್ಲಿ ದಾಖಲಾಗುತ್ತದೆ. ಅಲ್ಲಿ ಒಮ್ಮೆ ಬಿದ್ದದ್ದನ್ನು ಯಾರೂ ಅಳಿಸಲಾರರು.

"ಇದು ಊಟ ಕೇಳಂಗಿಲ್ಲ, ರಜಾ ಕೇಳಂಗಿಲ್ಲ," ಎಂದು ಸಾವ್ಕಾರರು ನನ್ನ ಕಡೆ ನೋಡಿದರು.

ನನ್ನ ಬಾಯಲ್ಲಿ ರೊಟ್ಟಿ ಇತ್ತು. ಅಗಿಯುವುದನ್ನು ನಿಲ್ಲಿಸಿದೆ.

೨. ಮಸ್ಕಿಯ ಚೀಲ

ಅಂದಿನಿಂದ ಹಮಾಲರು ನನ್ನನ್ನು ಕಂಡರೆ "ಇನ್ನಾ ಅದೀರೇನ್ರಿ?" ಎನ್ನತೊಡಗಿದರು.

ಒಂದು ಬೆಳಿಗ್ಗೆ ನಮ್ಮ ಸಾಫ್ಟ್‌ವೇರ್, ಮಸ್ಕಿಯ ವ್ಯಾಪಾರಿಯ ಸಾಫ್ಟ್‌ವೇರಿನ ಜೊತೆ ಮಾತಾಡಿ ಖಾಲಿ ಚೀಲ ಕೊಂಡುಬಿಟ್ಟಿತು. ನಾನು ಕನ್ನಡಕ ಒರೆಸಿಕೊಳ್ಳುವುದರೊಳಗೆ ರೊಕ್ಕವೂ ಹೋಗಿತ್ತು. ಸಾವ್ಕಾರರಿಗೆ ಸಿಟ್ಟು ಬಂತು.

"ಚೌಕಾಸಿ ಮಾಡಿ ಒಮ್ಮೆ ಎದ್ದು ಬಾಗಲತನಾ ಹೋಗಲಾರದ ಎಂಥಾ ಯಾಪಾರಲೇ ಇದು?" ಎಂದು ಮಸ್ಕಿಗೆ ಫೋನ್ ಹಚ್ಚಿದರು. "ಸ್ವಲ್ಪ ಕಡಿಮಿ ಮಾಡ್ರಿ."

"ಮುಗದೈತ್ರಿ ಸಾವ್ಕಾರ್ರ. ಚೈನಿನ್ಯಾಗ ಬಿದ್ದೈತಿ."

ಸಾವ್ಕಾರರು ಫೋನಿಟ್ಟರು. ಎದ್ದು ಬಾಗಿಲತನಕ ಹೋದರು. ಸ್ವಲ್ಪ ಹೊತ್ತು ನಿಂತರು. ಯಾರೂ ವಾಪಸ್ ಕರೆಯಲಿಲ್ಲ. ತಾವೇ ಬಂದು ಕೂತರು.

೩. ಲಿಂಗಸುಗೂರಿನ ಪ್ರಶ್ನೆ

ಲಿಂಗಸುಗೂರಿನ ಲಾರಿ ಮಾಲೀಕರು ಮಾತ್ರ ಅದರ ಮಾತಿನ ಮೇಲೆ ಲಾರಿ ಕಳಿಸಲು ಒಪ್ಪಲಿಲ್ಲ. ನಮ್ಮ ಸಾಫ್ಟ್‌ವೇರ್ ತಾನು ಯಾರೆಂದು ತೋರಿಸಲು ತನ್ನ ಡಿಜಿಟಲ್ ಸಹಿ ಕಳಿಸಿತ್ತು. ಅವರ ಸಾಫ್ಟ್‌ವೇರ್ ಸರಿ ಎಂದಿತ್ತು.

"ಸಹಿ ಖರೇ ಇರಬೌದ್ರಿ," ಎಂದರು ಅವರು ಫೋನಿನಲ್ಲಿ. "ಇದು ಯಾವೂರಿಂದು? ಯಾರ ಪೈಕಿ? ನಾಳೆ ಓಡಿ ಹೋದ್ರ ಜಾಮೀನು ಯಾರು?"

ಸಾವ್ಕಾರರು ಬಹಳ ಹೊತ್ತು ಸಣ್ಣ ದನಿಯಲ್ಲಿ ಮಾತಾಡಿದರು. ಆಮೇಲೆ ನನ್ನನ್ನು ಒಳಗೆ ಕರೆದರು.

"ಬಾಗಲಾ ಹಾಕು."

ಹಾಕಿದೆ. ಕುರ್ಚಿ ಹೋಯಿತು ಎಂದುಕೊಂಡೆ.

"ಲಿಂಗಸುಗೂರಿನವರಿಗೆ ನಿನ್ನ ಹೆಸರು ಹೇಳೀನಿ. ಒಪ್ಪ್ಯಾರ. ಇಲ್ಲಿ ಬೆರಳು ಒತ್ತು."

ಫೋನಿನ ಮೇಲೆ ಒತ್ತಿದೆ. ಕೇಳುವ ಧೈರ್ಯ ಬಂದದ್ದು ಆಮೇಲೆ. "ಅಲ್ಲಿ ಯಾವ ಕೆಲಸಾರಿ?"

"ಕೆಲಸ ಅಲ್ಲೋ, ಜಾಮೀನು. ಈ ಸಾಫ್ಟ್‌ವೇರಿಗೆ ನೀನೇ ಜಾಮೀನು. ಅದು ತಪ್ಪು ಮಾಡಿದ್ರ ನಿನ್ನ ಹಿಡೀತಾರ."

"ಹಂಗಾದ್ರ ನನ್ನ ತೆಗಿಯಂಗಿಲ್ರೀ?"

"ಹೆಂಗ ತೆಗೀಲಿ? ನಿನ್ನ ಹೆಸರೂ ಚೈನಿನ್ಯಾಗ ಬಿತ್ತು. ಅಳಸಾಕ ಬರಂಗಿಲ್ಲ."

ಮನೆಗೆ ಬಂದು, ನೌಕರಿ ಉಳಿಯಿತು ಎಂದೆ. "ಮತ್ಯಾಕ ಮಾರಿ ಸಣ್ಣ ಮಾಡೀರಿ?" ಎಂದಳು ಹೆಂಡತಿ, ತಾಟು ಮುಂದಿಡುತ್ತ.

ಆ ಸಾಫ್ಟ್‌ವೇರ್ ನನ್ನ ಜಾಮೀನಿನ ಮೇಲೆ ಮಿಲ್ಲಿನಲ್ಲಿ ಕೂತು ಯಾರಿಗೆ ಏನು ಕಟ್ಟುತ್ತಿದೆಯೋ ನನಗೆ ಗೊತ್ತಿರಲಿಲ್ಲ. ಅದು ಊಟ ಕೇಳುವುದಿಲ್ಲ. ಈಗ ನಾನೂ ಕೇಳುತ್ತಿಲ್ಲ.